ಹಾಡಿನ ಅರ್ಥವನ್ನೆಲ್ಲ ಅಭಿನಯಿಸಲೇಬೇಕೇ?

ನಟುವಾಂಗ, ವಿಜಯಪುರ:
ಭರತನಾಟ್ಯ ಕಲಿಸುವವಳು ನಾನು. ಆಂಟನಿ ಟ್ಯೂಡರ್ ಸಂಯೋಜಿಸಿದ ‘ಡಾರ್ಕ್ ಎಲಿಜೀಸ್’ ಬ್ಯಾಲೆಯ ವಿಡಿಯೊ ನೋಡಿದಂದಿನಿಂದ ತಲೆ ಕೆಟ್ಟಿದೆ. ಸತ್ತ ಮಕ್ಕಳನ್ನು ನೆನೆಯುವ, ಸಂಗೀತ ಸಂಯೋಜಕ ಗುಸ್ಟಾವ್ ಮಾಹ್ಲರ್‌ನ ಐದು ಹಾಡುಗಳಿಗೆ ಮಾಡಿದ್ದು. ಮೂರನೆಯ ಹಾಡಿನಲ್ಲಿ ತಾಯಿ ಬಾಗಿಲೊಳಗೆ ಬಂದಾಗ ತಂದೆಯ ಕಣ್ಣು ಮೊದಲು ಅವಳ ಮುಖಕ್ಕೆ ಹೋಗುವುದಿಲ್ಲ. ಹೊಸ್ತಿಲ ಬಳಿ, ಮಗಳ ಮುಖ ಇರಬೇಕಾಗಿದ್ದ ಎತ್ತರಕ್ಕೆ ಹೋಗುತ್ತದೆ. ನಮ್ಮವರ ಕೈಗೆ ಈ ಸಾಲು ಸಿಕ್ಕರೆ ಹತ್ತು ನಿಮಿಷ ಸಂಚಾರಿ (ಒಂದೇ ಸಾಲನ್ನು ಅಭಿನಯದಲ್ಲಿ ವಿಸ್ತರಿಸುವುದು) ಮಾಡುತ್ತಾರೆ. ಆ ಬ್ಯಾಲೆಯಲ್ಲಿ ಹೊಸ್ತಿಲನ್ನೂ ತೋರಿಸುವುದಿಲ್ಲ, ಮಗುವನ್ನೂ ತೋರಿಸುವುದಿಲ್ಲ. ಮುಖದಲ್ಲಿ ಅಳುವೂ ಇಲ್ಲ.

ಮಗುವನ್ನು ಕಳೆದುಕೊಂಡಾಗ ಬೇಂದ್ರೆಯವರು ಬರೆದ ಹಾಡನ್ನು ವಾರ್ಷಿಕೋತ್ಸವಕ್ಕೆ ಹೀಗೆಯೇ ಮಾಡುವ ಆಸೆ. ‘ತೊಟ್ಟಿಲು ಇಡದಿದ್ದರೆ ಜನಕ್ಕೆ ಹೇಗೆ ತಿಳಿಯಬೇಕು?’ ಎಂದು ಪಾಲಕರೊಬ್ಬರು ಹಟ ಹಿಡಿದಿದ್ದಾರೆ. ಇಡಲೋ, ಬಿಡಲೋ?

ಕೇಳುಗ, ಮುಧೋಳ:
ಬಿಡಿ. ಆ ಬ್ಯಾಲೆ ಮೊದಲು ಪ್ರದರ್ಶನವಾದದ್ದು 1937ರಲ್ಲಿ, ಲಂಡನ್ನಿನಲ್ಲಿ. ಹಾಡುಗಳ ಮೂಲ ಜರ್ಮನ್. ಇಬ್ಬರು ಮಕ್ಕಳನ್ನು ಕಳೆದುಕೊಂಡ ಕವಿ ರ‍್ಯೂಕರ್ಟ್ ನಾನೂರಕ್ಕೂ ಹೆಚ್ಚು ಕವಿತೆ ಬರೆದ, ಮಾಹ್ಲರ್ ಐದನ್ನೇ ಆರಿಸಿಕೊಂಡ. ಸ್ವಂತ ದುಃಖದಿಂದ ಸಂಗೀತ ಹುಟ್ಟಿತು ಎಂದು ನಿರೂಪಕರಿಂದ ಮಾತ್ರ ಹೇಳಿಸಬೇಡಿ. ಹಾಡುಗಳು 1904ಕ್ಕೇ ಮುಗಿದಿದ್ದವು, ಮಾಹ್ಲರನ ಮಗಳು ತೀರಿದ್ದು 1907ರಲ್ಲಿ.

ಹೆಜ್ಜೆಮೇಳ, ಹುನಗುಂದ:
ಅಕ್ಕಾ, ಲಂಡನ್ನಿನವರೆಗೆ ಏಕೆ ಹೋಗುತ್ತೀರಿ? ಮೊಹರಂನಲ್ಲಿ ನಮ್ಮ ಕಡೆ ಬಂದು ನೋಡಿ. ರಿವಾಯತ್ ಪದದಲ್ಲಿ ಕರ್ಬಲಾದ ಸಾವು, ನೀರಡಿಕೆ ಎಲ್ಲ ಇರುತ್ತದೆ. ಅಲ್ಲಿ ಮಡಿದ ಹುಸೇನರ ವೇಷ ಯಾರೂ ಹಾಕುವುದಿಲ್ಲ, ನೀರು ಕೇಳುವ ಅಭಿನಯವೂ ಇಲ್ಲ. ಹಾಡುವವರು ಹಾಡುತ್ತಾರೆ, ಮೇಳದವರು ಸುತ್ತುಗಟ್ಟಿ ಹೆಜ್ಜೆ ಹಾಕುತ್ತಾರೆ. ಪದ ಏರಿದಂತೆ ಕಾಲು ಬಿರುಸಾಗುತ್ತದೆ, ಅಷ್ಟೇ. ನೋಡುತ್ತ ನಿಂತ ಮುದುಕಿಯರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ. ಒಬ್ಬಳ ದುಃಖವೆಂದು ಮಾಡಬೇಡಿ, ಓಣಿಯ ದುಃಖವೆಂದು ಮಾಡಿ. ತೊಟ್ಟಿಲು ತಾನಾಗಿಯೇ ಬೇಡವಾಗುತ್ತದೆ.

ಟಿಳಕವಾಡಿಯವ, ಬೆಳಗಾವಿ:
ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಿಮ್ಮ ಹುಡುಗಿಯರು ವರ್ಷಗಟ್ಟಲೆ ಕಣ್ಣು, ಹುಬ್ಬು ಪಳಗಿಸಿಕೊಂಡವರು. ಮುಖ ಕಟ್ಟಿಹಾಕಿದರೆ ಉಳಿಯುವುದು ಕವಾಯತು! ತೊಟ್ಟಿಲು ತೆಗೆಯಿರಿ, ಕಣ್ಣು ಇರಲಿ. ಗಾಯಕಿಯನ್ನಂತೂ ವೇದಿಕೆಗೆ ತನ್ನಿ. ಬ್ರಾಮ್ಸ್‌ನ ಪ್ರೇಮಗೀತೆಗಳಿಗೆ ನೃತ್ಯ ಸಂಯೋಜಕ ಬಾಲಂಚಿನ್ 1960ರಲ್ಲಿ ಬ್ಯಾಲೆ ಮಾಡಿದಾಗ ನಾಲ್ವರು ಗಾಯಕರನ್ನೂ ಪಿಯಾನೊ ನುಡಿಸುವ ಇಬ್ಬರನ್ನೂ ನರ್ತಕರ ಜೊತೆಗೇ ಇರಿಸಿದ್ದ.

ನಟುವಾಂಗ, ವಿಜಯಪುರ:
ತೊಟ್ಟಿಲು ಬೇಡವೆಂದು ಹೇಳಿಬಿಟ್ಟೆ. ಪಾಲಕರು ಮುನಿಸಿಕೊಂಡಿದ್ದಾರೆ, ಇರಲಿ. ಗಾಯಕಿ ಹುಡುಗಿಯರ ನಡುವೆಯೇ ಕೂರುತ್ತಾಳೆ. ಮೈಕ್ ಸ್ಟ್ಯಾಂಡ್ ಅಡ್ಡ ಬರುತ್ತದೆ. ವಿಜಯಪುರದಲ್ಲಿ ಕಾಲರ್ ಮೈಕ್ ಬಾಡಿಗೆಗೆ ಎಲ್ಲಿ ಸಿಗುತ್ತದೆ?