ಕಲ್ಪನಾಸ್ವರದಲ್ಲಿ ಎಡುಪು ತಪ್ಪುವ ಭಯ

ಪ್ರಶ್ನೆ: ಗಾಯನ ವಿದ್ಯಾರ್ಥಿನಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿ ಈಗ ವಿದ್ವತ್ ಪಾಠ ಆರಂಭಿಸಿದ್ದೇನೆ. ವರ್ಣ, ಕೃತಿಗಳನ್ನು ಸಭೆಯಲ್ಲಿ ಹಾಡಲು ನನಗೆ ಅಳುಕಿಲ್ಲ. ಆದರೆ ಕೃತಿಯ ಸಾಲೊಂದಕ್ಕೆ ಸ್ಥಳದಲ್ಲೇ ಸ್ವರ ಕಟ್ಟಿ ಹಾಡುವ ಕಲ್ಪನಾಸ್ವರದ ಘಟ್ಟ ಬಂದ ಕೂಡಲೇ, ಆ ಸಾಲು ತಾಳದಲ್ಲಿ ಆರಂಭವಾಗುವ ಜಾಗವಾದ ಎಡುಪಿಗೆ ಸರಿಯಾಗಿ ಬಂದು ಸೇರುವೆನೋ ಇಲ್ಲವೋ ಎಂಬ ಭಯದಿಂದ ಗಂಟಲು ಕಟ್ಟುತ್ತದೆ. ಆದ್ದರಿಂದ ಮೋಹನ, ಹಂಸಧ್ವನಿ ರಾಗಗಳ ಸ್ವರಗಳನ್ನು ಮೊದಲೇ ಬರೆದು, ಬಾಯಿಪಾಠ ಮಾಡಿ ಹಾಡುತ್ತಿದ್ದೇನೆ. ಇದನ್ನು ಸ್ವಂತ ಕಲ್ಪನೆಯ ಹಾಡಿಕೆ, ಎಂದರೆ ಮನೋಧರ್ಮವೆನ್ನಲು ಮನಸ್ಸು ಒಪ್ಪುತ್ತಿಲ್ಲ. ಬರೆದದ್ದನ್ನು ಬಿಟ್ಟು ಹಾಡುವ ಧೈರ್ಯ ಹೇಗೆ ಬರುತ್ತದೆ? ಸಭೆಯಲ್ಲಿ ತಪ್ಪಿದರೆ ಏನು ಮಾಡಬೇಕು?

ಉತ್ತರ: ಪಿಟೀಲುವಾದಕ, ಮೈಸೂರು

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ದೊರೆತರೆ ಮೊದಲನೆಯದು ಅರ್ಧ ಬಗೆಹರಿಯುತ್ತದೆಂದು ನನ್ನ ನಂಬಿಕೆ. ಎಡುಪು ತಪ್ಪಿದಾಗ ತಾಳದ ಕೈಯನ್ನು ಬಿಡದೆ, ರಾಗದ ಬಣ್ಣವನ್ನು ತೋರುವ ಒಂದು ಜೀವಸ್ವರದ ಮೇಲೆ, ಮೋಹನವಾದರೆ ಗಾಂಧಾರದ ಮೇಲೆ, ಕಾರ್ವೆ ಕೊಟ್ಟು (ಸ್ವರವನ್ನು ನೀಳವಾಗಿ ಹಿಡಿದು) ನಿಂತು, ತಾಳದ ಇನ್ನೊಂದು ಸುತ್ತು, ಎಂದರೆ ಇನ್ನೊಂದು ಆವರ್ತ, ಸ್ವರ ಹಾಡಿ ಸಾಹಿತ್ಯಕ್ಕೆ ಬನ್ನಿ. ಹಾಡಿಕೆ ನಿಜವಾಗಿ ಕೆಡುವುದು, ಸ್ವರ ಮುಗಿದ ಜಾಗಕ್ಕೆ ತಾಳವನ್ನು ಎಳೆದುಕೊಂಡಾಗ. ಆಗ ಪಕ್ಕವಾದ್ಯದವರೂ ದಿಕ್ಕು ತಪ್ಪುತ್ತಾರೆ. ಬಾಯಿಪಾಠದ ಸ್ವರದಲ್ಲಿ ಈ ಅಪಾಯ ಹೆಚ್ಚು. ನಡುವೆ ಒಂದು ಸ್ವರ ಮರೆತರೆ ಮುಂದಿನದೆಲ್ಲ ಜಾರುತ್ತದೆ, ಜಾರಿದ್ದನ್ನು ಸರಿಪಡಿಸಿಕೊಂಡ ಅಭ್ಯಾಸವಂತೂ ಇರುವುದೇ ಇಲ್ಲ.

ಆದ್ದರಿಂದ ಮನೆಯಲ್ಲಿ ಬೇಕೆಂದೇ ತಪ್ಪಿ ನೋಡಿ. ಆದಿತಾಳದ ಎಂಟು ಅಕ್ಷರಗಳಲ್ಲಿ ಎಲ್ಲಿಂದಲಾದರೂ ಸ್ವರ ಆರಂಭಿಸಿ, ಎಡುಪನ್ನು ಹುಡುಕಿಕೊಂಡು ಬನ್ನಿ. ಮೊದಲು ಸಮದಲ್ಲಿ (ಆವರ್ತದ ಮೊದಲ ಪೆಟ್ಟಿನಲ್ಲಿ) ಎತ್ತುವ ಪಲ್ಲವಿ, ಬಳಿಕ ಅರ್ಧ ಅಕ್ಷರ ಬಿಟ್ಟು ಎತ್ತುವ ಪಲ್ಲವಿ ಸಾಕು. ಏಳೆಣಿಕೆಯ ಮಿಶ್ರ ಛಾಪು ತಾಳಕ್ಕೆ ಈಗಲೇ ಅವಸರವಿಲ್ಲ.

ಉತ್ತರ: ಮೃದಂಗವಾದಕ, ಬೆಂಗಳೂರು

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಸಿದ್ಧತೆಯನ್ನು ಪೂರ್ತಿಯಾಗಿ ತಳ್ಳಿಹಾಕಲಾರೆ. ಕೊನೆಯ ಮುಕ್ತಾಯದ ಲೆಕ್ಕಾಚಾರವನ್ನು ಎಷ್ಟೋ ವಿದ್ವಾಂಸರು ಮೊದಲೇ ಮಾಡಿಕೊಂಡಿರುತ್ತಾರೆ, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಅಕ್ಷರಕ್ಕೆ ನಾಲ್ಕು ಸ್ವರದಂತೆ ಆದಿತಾಳದ ಒಂದು ಆವರ್ತಕ್ಕೆ 32 ಮಾತ್ರೆಗಳಾಗುತ್ತವೆ. ಐದು ಮಾತ್ರೆಗಳ ಸ್ವರಗುಚ್ಛವನ್ನು ಮೂರು ಸಲ ಹಾಡಿ ಸಮಕ್ಕೆ ಬರಲು 15 ಮಾತ್ರೆ ಬೇಕು. ಎಂದರೆ ಮೊದಲ 17 ಮಾತ್ರೆಗಳು ಕಳೆದ ಮೇಲೆ, ಲಘು (ತಾಳದ ಮೊದಲ ನಾಲ್ಕು ಅಕ್ಷರ) ಮುಗಿದು ಮೊದಲ ದ್ರುತದ (ನಂತರದ ಎರಡು ಅಕ್ಷರಗಳ ಭಾಗದ) ಪೆಟ್ಟು ಬಿದ್ದ ಮರುಮಾತ್ರೆಯಲ್ಲಿ, ಆ ಗುಚ್ಛವನ್ನು ಎತ್ತಿಕೊಳ್ಳಬೇಕು. ಈ ಜಾಗ ಕೈಗೆ ಪರಿಚಯವಾದರೆ, ಅದಕ್ಕಿಂತ ಮುಂಚಿನ ಭಾಗವನ್ನು ರಾಗವೊಂದನ್ನೇ ನೆನೆದು ಸ್ವತಂತ್ರವಾಗಿ ಹಾಡಬಹುದು. ಕಛೇರಿಗೆ ಮುನ್ನ ಯಾವ ಸಾಲಿಗೆ ಸ್ವರ ಹಾಡುವಿರೆಂದು ಮೃದಂಗದವರಿಗೆ ತಿಳಿಸಿ. ನೀವು ಒಂದು ಆವರ್ತ ಹೆಚ್ಚು ತೆಗೆದುಕೊಂಡರೂ ಅವರು ಸಂತೋಷದಿಂದಲೇ ಜೊತೆ ಬರುತ್ತಾರೆ.

ಉತ್ತರ: ಕೇಳುಗ, ಬೆಂಗಳೂರು

ನಾನು ಹಾಡುವವನಲ್ಲ. 1905ರಲ್ಲಿ ಆರಂಭವಾದ ಬೆಂಗಳೂರು ಗಾಯನ ಸಮಾಜದಲ್ಲಿಯೂ, ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದಿರುವ ರಾಮನವಮಿ ಕಛೇರಿಗಳಲ್ಲಿಯೂ ಕುಳಿತು ಕೇಳಿದವನಾಗಿ ಹೇಳುತ್ತೇನೆ: ಸ್ವರ ಒಂದು ಸುತ್ತು ತಡವಾಗಿ ಸಾಹಿತ್ಯಕ್ಕೆ ಸೇರಿದರೆ ನಮಗೆ ರಸಭಂಗವಾಗುವುದಿಲ್ಲ. ಗಾಯಕರು ಆ ಕ್ಷಣದಲ್ಲಿ ಹುಡುಕುತ್ತಿದ್ದಾರೆಂಬುದು ಗೊತ್ತಾದಾಗ ನಾವೂ ಅವರೊಡನೆ ತಾಳ ಹಾಕುತ್ತ ಕಾಯುತ್ತೇವೆ. ಮನೆಯ ಸಾಧನೆಯಿಂದ ಮಾತ್ರ ಸಭಾಕಂಪನ ಹೋಗಲಾರದು. ಜೊತೆಯ ವಿದ್ಯಾರ್ಥಿಗಳ ಎದುರು ವಾರಕ್ಕೊಮ್ಮೆಯಾದರೂ ಬರೆಯದ ಸ್ವರವನ್ನು ಹಾಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಇನ್ನೊಂದು ಸಂದೇಹವಿದೆ: ಕಲ್ಪನಾಸ್ವರದ ಕೊನೆಯ ಸ್ವರವು ಸಾಹಿತ್ಯದ ಮೊದಲ ಸ್ವರಕ್ಕೆ ಹತ್ತಿರವಿರಲೇಬೇಕೆ?

ಉತ್ತರ: ಪಿಟೀಲುವಾದಕ, ಮೈಸೂರು

ಇದ್ದರೆ ಚೆನ್ನ. ಮೋಹನದಲ್ಲಿ ಪಲ್ಲವಿ ಗಾಂಧಾರದಿಂದ ಎತ್ತುವುದಾದರೆ ರಿಷಭಕ್ಕೋ ಪಂಚಮಕ್ಕೋ ಬಂದು ಮುಗಿಸಿದಾಗ ಸಾಹಿತ್ಯ ಸಹಜವಾಗಿ ಕೂಡಿಕೊಳ್ಳುತ್ತದೆ. ಆದರೆ ತಾಳದ ಸ್ಥಳ ಗಟ್ಟಿಯಾಗುವವರೆಗೆ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಪಾಠದಲ್ಲಿ ನಿಮ್ಮ ಗುರುಗಳೇ ತಿದ್ದುತ್ತಾರೆ.