ತುರ್ತಾಗಿ ಎರಡು ಪದ ಬೇಕು: ಫಾಗ್ ಲೈಟ್, ಮತ್ತು ಅದು ಆನ್ ಆಗಿದೆ ಅಂತ ತೋರಿಸುವ ಮೀಟರ್ ಪಕ್ಕದ ಸಣ್ಣ ಲೈಟ್

ಎಲ್ಲರಿಗೂ ನಮಸ್ಕಾರ.

ನಾಳೆ ಸಂಜೆಯೊಳಗೆ ನನಗೆ ಎರಡು ಪದ ಬೇಕು. ಸ್ಟಿಕ್ಕರ್ ಅಂಗಡಿಯವರು ಬುಧವಾರ ಬೆಳಿಗ್ಗೆ ಕಟಿಂಗ್‌ಗೆ ಹಾಕುತ್ತೇನೆ ಅಂದಿದ್ದಾರೆ.

ನಾನಿರುವುದು ಮೂಡಿಗೆರೆ ಹತ್ತಿರ. ವಾರಕ್ಕೆ ಎರಡು ಸಲವಾದರೂ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಹಗಲು ಹನ್ನೊಂದು ಗಂಟೆಗೂ ಅಲ್ಲಿ ಮುಂದಿನ ಬಸ್ಸು ಕಾಣುವುದಿಲ್ಲ. ಹೈಬೀಮ್ ಹಾಕಿದರೆ ಇನ್ನೂ ಕಷ್ಟ, ಎದುರಿಗೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ನನ್ನ ಹಳೇ ಕಾರಿಗೆ ಮೊದಲಿನ ಮಾಲೀಕರು ಫಾಗ್ ಲೈಟ್ ಹಾಕಿಸಿದ್ದರು. ಆದರೆ ರಿಲೇ (ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಇರಲಿಲ್ಲ. ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಲೈಟಿಗೆ ನೇರವಾಗಿ ವಯರ್ ಎಳೆದಿದ್ದರು. 55 ವ್ಯಾಟಿನ ಎರಡು ಬಲ್ಬು, ಅಂದರೆ 12 ವೋಲ್ಟಿಗೆ 9 ಆಂಪಿಯರ್ ಮೇಲೆ. ಅಷ್ಟನ್ನು ಆ ಬೆರಳಗಲದ ಸ್ವಿಚ್ಚು ಎಷ್ಟು ದಿನ ತಡೆಯುತ್ತದೆ? ಕಳೆದ ಜುಲೈಯಲ್ಲಿ ಘಾಟಿಯ ನಡುವೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಮುಟ್ಟಿದರೆ ಸ್ವಿಚ್ಚು ಬೆಲ್ಲದಚ್ಚಿನ ಹಾಗೆ ಮೆತ್ತಗಾಗಿತ್ತು.

ಈಗ ಊರಿನ ಎಲೆಕ್ಟ್ರಿಷಿಯನ್ ಜೊತೆ ಕೂತು ಎಲ್ಲ ಕಿತ್ತು ಹೊಸದಾಗಿ ವಯರಿಂಗ್ ಮಾಡಿದ್ದೇವೆ. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ದಾಟಿ ರಿಲೇಯ 30ನೇ ಪಿನ್ನಿಗೆ. 87ರಿಂದ ಎರಡೂ ಲೈಟಿಗೆ. ಸ್ವಿಚ್ಚಿನಿಂದ ತೆಳು ವಯರ್ 86ಕ್ಕೆ, 85 ಬಾಡಿ ಅರ್ತ್. ಸ್ವಿಚ್ಚಿನಲ್ಲಿ ಈಗ ಹರಿಯುವುದು ರಿಲೇ ಕಾಯಿಲ್‌ಗೆ ಬೇಕಾದ ಚೂರು ಕರೆಂಟ್ ಮಾತ್ರ. ಲೈಟ್ ಹಾಕಿದ್ದು ಮರೆತು ಹೋಗಬಾರದು ಅಂತ ಮೀಟರ್ ಪಕ್ಕ ಒಂದು ಹಸಿರು ಎಲ್‌ಇಡಿ ಕೂರಿಸಿದ್ದೇವೆ. ಇದನ್ನು ನೋಡಿ ಪಕ್ಕದ ಎಸ್ಟೇಟಿನ ಜೀಪು, ಪಿಕಪ್‌ನವರೂ ಕೇಳಿದ್ದಾರೆ. ಅವರಿಗೆ ಸ್ವಿಚ್ಚಿನ ಮೇಲೆ ಸ್ಟಿಕ್ಕರ್, ಜೊತೆಗೆ ಒಂದು ಪುಟದ ಚೀಟಿ, ಎರಡೂ ಕನ್ನಡದಲ್ಲೇ ಇರಲಿ ಅನ್ನುವುದು ನನ್ನ ಆಸೆ.

ನಾನು 'ಮಂಜುದೀಪ' ಅಂತ ಬರೆದು ಅಲ್ಲಿನ ಹಿರಿಯ ಡ್ರೈವರ್ ಒಬ್ಬರಿಗೆ ತೋರಿಸಿದೆ. ಅವರು ಓದಿ, "ಮಂಜಾದ ದೀಪ ಯಾಕಪ್ಪಾ? ಚೆನ್ನಾಗಿ ಉರಿಯೋದು ಹಾಕ್ಸು" ಅಂದರು. ಕಣ್ಣು ಮಂಜಾಗಿದೆ ಅನ್ನುತ್ತೇವಲ್ಲ, ಅವರಿಗೆ ಆ ಮಂಜು ಹೊಳೆದಿದೆ. ಅವರ ತಪ್ಪಲ್ಲ.

ಎರಡನೆಯದು ಇನ್ನೂ ಕಗ್ಗಂಟು. 'ಇಂಡಿಕೇಟರ್' ಅಂತ ಬರೆಯುವ ಹಾಗೇ ಇಲ್ಲ. ನಮ್ಮಲ್ಲಿ ಇಂಡಿಕೇಟರ್ ಅಂದರೆ ತಿರುವಿನಲ್ಲಿ ಹಾಕುವ ಎಡ-ಬಲದ್ದು, ಬೇರೆ ಅರ್ಥವೇ ಇಲ್ಲ. 'ಸೂಚಕ' ಅಂದರೆ ಶಾಲೆಯ ವಿಜ್ಞಾನ ಪುಸ್ತಕದ ಹಾಗೆ ಕೇಳುತ್ತದೆ. ದಯವಿಟ್ಟು ಸಹಾಯ ಮಾಡಿ.

— ಮೂಡಿಗೆರೆ

* * *

ಮಂಜುದೀಪ ಅರಿಸಮಾಸ. ಮಂಜು ಕನ್ನಡ, ದೀಪ ಸಂಸ್ಕೃತ. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಇಂಥದ್ದು ಕೂಡದು ಅಂದಿದ್ದಾನೆ. ದೀಪಕ್ಕೆ ನಮ್ಮಲ್ಲೇ 'ಸೊಡರು' ಇದೆ. ಮಂಜುಸೊಡರು, ಕುರುಹುಸೊಡರು. ಎರಡಕ್ಕೂ ಪದ ಸಿಕ್ಕಿತು. ಇದರಲ್ಲಿ ಚರ್ಚಿಸುವುದಕ್ಕೆ ಏನಿದೆ?

— ಧಾರವಾಡ

* * *

ಮೇಷ್ಟ್ರೇ, ಘಾಟಿಯಲ್ಲಿ ಗಾಡಿ ಓಡಿಸುವವರಿಗೆ ಸೊಡರು ಅಂದರೆ ಏನು ಅಂತ ಮೊದಲು ಚೀಟಿ ಬರೆದು ಹಂಚಬೇಕು.

ನಾನು ಬೇರೆ ಒಂದು ವಿಷಯ ಹೇಳುತ್ತೇನೆ. ನಮ್ಮ ತುಳುವಿನಲ್ಲಿ ಅರಿಶಿನಕ್ಕೆ ಮಂಜಳ್ ಅನ್ನುತ್ತೇವೆ. ಹಳೇ ಫಾಗ್ ಲೈಟ್‌ಗಳು ಹೆಚ್ಚಾಗಿ ಹಳದಿ. ಮಂಜಿನ ಹೊತ್ತಿನ ಬೆಳಕೂ ಒಂದು ಥರ ಹಳದಿಯೇ. ಮಂಜು, ಮಂಜಳ್ ಒಂದೇ ಬೇರಿನವು ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ. ಹಾಗಾದರೆ 'ಮಂಜಳಬೆಳಕು' ಅಂದರೆ ಬಣ್ಣವೂ ಬಂತು, ಮಂಜೂ ಬಂತು. ಯೋಚಿಸಿ.

— ಮಂಗಳೂರು

* * *

ಸಂಬಂಧವಿಲ್ಲ. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಘಂಟಿನಲ್ಲಿ ಇವು ಬೇರೆ ಬೇರೆ ನಮೂದುಗಳು. ದನಿ ಹೋಲಿದರೆ ಬೇರು ಒಂದೇ ಆಗುವುದಿಲ್ಲ. ತುಳುವಿನಲ್ಲೇ ಇಬ್ಬನಿಗೆ 'ಮೈಂದ್' ಇದೆ, ಮೇಡಂ ಅದನ್ನು ಯಾಕೆ ಬಿಟ್ಟರೋ ತಿಳಿಯದು.

ಕೇಳಿದವರಿಗೆ: ಮಂಜು ಅನ್ನುವ ಪದ ಕನ್ನಡದಲ್ಲಿ ಬಹಳ ಹೊರೆ ಹೊತ್ತಿದೆ. ಬೀಳುವ ಇಬ್ಬನಿಯೂ ಮಂಜು, ಹಿಮಾಲಯದ ಹಿಮವೂ ಮಂಜು, ಕಣ್ಣಿನ ಮಬ್ಬೂ ಮಂಜು. ದಟ್ಟವಾಗಿ ಕವಿಯುವುದಕ್ಕೆ 'ಕಾವಳ' ಇದೆ. ಕಾವಳದ ಬೆಳಕು ಅನ್ನಿ.

— ಮೈಸೂರು

* * *

ಮೈಂದ್ ಬಿಟ್ಟಿಲ್ಲ ಸರ್. ಮೈಂದ್ ಬೆಳಗ್ಗೆ ಹುಲ್ಲಿನ ಮೇಲಿರುತ್ತದೆ, ರಸ್ತೆ ಮುಚ್ಚುವುದಿಲ್ಲ. ನಿಘಂಟಿನಲ್ಲಿ ಬೇರೆ ಬೇರೆ ಇಟ್ಟ ಮಾತ್ರಕ್ಕೆ ಪ್ರಶ್ನೆ ಮುಗಿಯಿತು ಅಂತಲೂ ಅಲ್ಲ.

— ಮಂಗಳೂರು

* * *

ಎಲ್ಲರಿಗೂ ಥ್ಯಾಂಕ್ಸ್. 'ಕಾವಳ' ನನಗೆ ತುಂಬ ಹಿಡಿಸಿತು. ಇವತ್ತು ಬೆಳಿಗ್ಗೆ ಟೀ ಅಂಗಡಿಯಲ್ಲಿ ಐದು ಜನ ಡ್ರೈವರ್‌ಗಳನ್ನು ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ನಮ್ಮ ಕಡೆ ಮಂಜು ಕವೀತು, ಮೋಡ ಇಳೀತು, ಇಷ್ಟೇ. ಸ್ಟಿಕ್ಕರ್ ಇರುವುದು ಎರಡು ಬೆರಳಗಲ. ಹೊಸ ಪದ ಕಲಿಸುವ ಜಾಗ ಅದಲ್ಲ.

— ಮೂಡಿಗೆರೆ

* * *

ನಾನು ದಾವಣಗೆರೆಯಲ್ಲಿ ಗ್ಯಾರೇಜ್ ನಡೆಸುವವನು. ಇಪ್ಪತ್ತೆರಡು ವರ್ಷದಿಂದ ವಯರಿಂಗೇ ನನ್ನ ಕೆಲಸ. ಫಾಗ್ ಲೈಟ್ ಅನ್ನುವುದು ಕನ್ನಡ ಪದ. ರಿಲೇ, ಫ್ಯೂಸ್, ಅರ್ತ್, ಕಪ್ಲರ್, ಲಗ್ ಎಲ್ಲ ಕನ್ನಡ. ನಮ್ಮ ಹುಡುಗರು ಇವನ್ನು ಬಿಟ್ಟು ಬೇರೆ ಮಾತಾಡುವುದಿಲ್ಲ. ಹುಡುಗ "ಅಣ್ಣಾ, ರಿಲೇ ಹೊಡ್ಕಂಡಿದೆ, ಅರ್ತ್ ಸಿಗ್ತಿಲ್ಲ" ಅಂದರೆ ಅದರಲ್ಲಿ ಇಂಗ್ಲಿಷ್ ಎಲ್ಲಿದೆ? 'ಫಾಗ್ ಲೈಟ್' ಅಂತಲೇ ಹಾಕಿ ಮುಗಿಸಿ.

ಹಳದಿ ಬಗ್ಗೆ ಒಂದು ಮಾತು ಮೇಡಂ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಅನ್ನುವುದು ಹಳೇ ನಂಬಿಕೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ಪಾಲು ದೊಡ್ಡವು. ಅಲ್ಲಿ ಬಣ್ಣದಿಂದ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಲೈಟು ಬಂಪರ್ ಕೆಳಗೆ ತಗ್ಗಿನಲ್ಲಿರಬೇಕು. ಬೆಳಕು ಅಗಲವಾಗಿ, ಚಪ್ಪಟೆಯಾಗಿ ರಸ್ತೆಗೆ ಬೀಳಬೇಕು, ಮೇಲಕ್ಕೆ ಏಳಬಾರದು. ಮಂಜಿಗೆ ಹೊಡೆದು ನಮ್ಮ ಕಣ್ಣಿಗೇ ವಾಪಸ್ ಬರುವುದು ಆಗ ಕಡಿಮೆಯಾಗುತ್ತದೆ.

— ದಾವಣಗೆರೆ

* * *

ಗ್ಯಾರೇಜಿನಲ್ಲಿ ಆಡಿದ್ದೆಲ್ಲ ಕನ್ನಡವಾದರೆ ನಾಳೆ ಇಂಗ್ಲಿಷ್ ನಿಘಂಟಿಗೆ ಕನ್ನಡ ನಿಘಂಟು ಅಂತ ರಟ್ಟು ಹಾಕಿದರೆ ಸಾಕು. ಮಾತು ಸೋಲುವುದು ಹೀಗೇ, ಒಂದೊಂದೇ ಪದವಾಗಿ.

— ಧಾರವಾಡ

* * *

ಮೇಷ್ಟ್ರೇ, ನಿಮ್ಮ ಸೊಡರಿನ ಕಥೆಯನ್ನೇ ನೋಡೋಣ. ನಮ್ಮ ಅಜ್ಜಿ ಮನೆಯಲ್ಲಿದ್ದ ಬೆಳಕುಗಳನ್ನು ಎಣಿಸುತ್ತೇನೆ. ದೇವರ ಮುಂದೆ ದೀಪ, ಅದು ಸಂಸ್ಕೃತ. ಪಡಸಾಲೆಯಲ್ಲಿ ಕಂದೀಲು, ಅದು ಅರಬ್ಬಿಯಿಂದ ಬಂದದ್ದು. ಕೊಟ್ಟಿಗೆಗೆ ಲಾಟೀನು, ಕೆಲವರಿಗೆ ಲಾಂದ್ರ; ಲಾಟೀನು ಇಂಗ್ಲಿಷಿನ ಲ್ಯಾಂಟರ್ನ್. ಅಡುಗೆಮನೆಯಲ್ಲಿ ಚಿಮಣಿ ಬುಡ್ಡಿ. ಇಷ್ಟು ಜನ ಒಳಗೆ ಬಂದರೂ ಅಜ್ಜಿಯ ಕನ್ನಡ ಸೋಲಲಿಲ್ಲ. ಲ್ಯಾಂಟರ್ನ್ ಅನ್ನು ಲಾಟೀನು ಮಾಡಿಕೊಂಡಿತು, ಅದಕ್ಕೆ 'ಲಾಟೀನಿಗೆ ಎಣ್ಣೆ ಹಾಕು' ಅಂತ ವಿಭಕ್ತಿ ಹಚ್ಚಿತು. ಸೊಡರು ಮರೆಯಾಯಿತು, ನನಗೂ ಬೇಜಾರಿದೆ. ಆದರೆ ಅದನ್ನು ಜೀಪಿನ ಸ್ವಿಚ್ಚಿನ ಮೇಲೆ ಅಂಟಿಸಿದರೆ ಅದು ವಾಪಸ್ ಬರುವುದಿಲ್ಲ.

ಪದದ ಬೇರನ್ನೇ ಕನ್ನಡಿಸಬೇಕು ಅನ್ನುವವರಿಗೆ ಡ್ಯಾಶ್‌ಬೋರ್ಡ್ ಒಂದು ಪಾಠ. ಮೊದಲು ಅದು ಕುದುರೆಗಾಡಿಯಲ್ಲಿ ಕೆಸರು ಸಿಡಿಯದ ಹಾಗೆ ಮುಂದೆ ಹಾಕುತ್ತಿದ್ದ ಹಲಗೆ. ಇಂಗ್ಲಿಷಿನವರಿಗೇ ಆ ಕೆಸರು ಮರೆತುಹೋಗಿದೆ. ನಾವು ಕೆಸರುಹಲಗೆ ಅಂತ ಕಟ್ಟಬೇಕಾ? ನಮ್ಮ ಗ್ಯಾರೇಜುಗಳು ಅದನ್ನು 'ಮೀಟರ್ ಬೋರ್ಡ್' ಅಂದವು. ಅಲ್ಲಿ ಕಾಣುವುದು ಮೀಟರ್, ಅದಕ್ಕೆ.

— ಮೈಸೂರು

* * *

ಎಲ್ಲ ಓದಿದೆ. ನನ್ನ ಮನಸ್ಸಿನಲ್ಲಿ ಎರಡು ವಿಷಯ ಸ್ಪಷ್ಟವಾಯಿತು, ತಪ್ಪಿದ್ದರೆ ತಿದ್ದಿ.

ದಾವಣಗೆರೆ ಅಣ್ಣ ಹೇಳಿದ್ದು ಗ್ಯಾರೇಜಿನ ಮಟ್ಟಿಗೆ ನಿಜ. ಆದರೆ ಎಸ್ಟೇಟಿನಲ್ಲಿ ಹೊಸದಾಗಿ ಗಾಡಿ ಹತ್ತಿದ ಹುಡುಗರು ಹೆಡ್‌ಲೈಟು, ಫಾಗ್ ಲೈಟು ಎರಡನ್ನೂ 'ಲೈಟು' ಅನ್ನುತ್ತಾರೆ. ಯಾವಾಗ ಯಾವುದು ಹಾಕಬೇಕು ಅಂತ ಆ ಹೆಸರೇ ಹೇಳಿದರೆ ಒಳ್ಳೆಯದಲ್ವಾ? ಹಾಗಾಗಿ ಮಂಜು ಅನ್ನುವುದು ಸ್ಟಿಕ್ಕರ್ ಮೇಲೆ ಇರಲೇಬೇಕು.

ಮಂಜುದೀಪ ಅಂತ ಸಮಾಸ ಮಾಡುವ ಬದಲು 'ಮಂಜಿನ ದೀಪ' ಅಂದರೆ? ವಿಭಕ್ತಿ ಎದ್ದು ಕಾಣುತ್ತದೆ, ಸಮಾಸವೇ ಇಲ್ಲ, ಆದ್ದರಿಂದ ಅರಿಸಮಾಸವೂ ಇಲ್ಲ. ಇನ್ನೊಂದು ಲಾಭವೂ ಇದೆ. ಮಂಜುದೀಪ ಅಂದರೆ ಮಂಜಾದ ದೀಪ ಅಂತ ಓದಬಹುದು. ಮಂಜಿನ ದೀಪ ಅಂದಾಗ ಆ ದಾರಿ ಮುಚ್ಚುತ್ತದೆ. ಅದೇ ಹಿರಿಯರಿಗೆ ಮಧ್ಯಾಹ್ನ ತೋರಿಸಿದೆ. "ಓ, ಮಂಜಲ್ಲಿ ಹಾಕೋದು" ಅಂದರು. ಅಷ್ಟೇ ಸಾಕಿತ್ತು ನನಗೆ.

ಹಸಿರು ಎಲ್‌ಇಡಿಗೆ 'ತೋರುದೀಪ' ಅಂತ ಯೋಚಿಸಿದ್ದೇನೆ. ತೋರುಬೆರಳು ಎಲ್ಲರಿಗೂ ಗೊತ್ತು. ಚೀಟಿಯಲ್ಲಿ "ಹಸಿರು ತೋರುದೀಪ ಹತ್ತಿದರೆ ಮಂಜಿನ ದೀಪ ಉರಿಯುತ್ತಿದೆ" ಅಂತ ಬರೆಯಲಾ?

— ಮೂಡಿಗೆರೆ

* * *

ತೋರುದೀಪಕ್ಕೆ ನನ್ನ ಆಕ್ಷೇಪ ಇಲ್ಲ. ತೋರು ಧಾತು, ಅದು ಹೀಗೆ ನಾಮಪದಕ್ಕೆ ವಿಶೇಷಣವಾಗಿ ಸೇರಿದರೆ ಗಮಕ ಸಮಾಸ. ಗಮಕದಲ್ಲಿ ಅರಿಸಮಾಸದ ದೋಷ ಇಲ್ಲ. ತೂಗುದೀಪ ಹೇಗೋ ಹಾಗೆ.

ಮಂಜಿನ ದೀಪ ಸರಿ. ಪದ ಅಲ್ಲ, ಪದಪುಂಜ. ಆದರೂ ಸರಿ.

— ಧಾರವಾಡ

* * *

ಆ ವಾಕ್ಯ ತಪ್ಪು ತಮ್ಮಾ, ಕನ್ನಡ ಅಲ್ಲ, ವಯರಿಂಗ್ ಲೆಕ್ಕದಲ್ಲಿ. ಎಲ್‌ಇಡಿಗೆ ವಯರ್ ಎಲ್ಲಿಂದ ತೆಗೆದಿದ್ದೀರಿ? ಸ್ವಿಚ್ಚಿನಿಂದ ತೆಗೆದಿದ್ದರೆ ಫ್ಯೂಸ್ ಹೋದರೂ ಹಸಿರು ಹತ್ತುತ್ತದೆ. ಲೈಟ್ ಉರಿಯದೆ ಇದ್ದರೂ ಉರಿಯುತ್ತಿದೆ ಅಂತ ಡ್ರೈವರ್ ನಂಬಿಕೊಂಡು ಘಾಟಿ ಇಳಿಯುತ್ತಾನೆ. 87ರಿಂದ ತೆಗೆಯಿರಿ, ಒಂದು ಕಿಲೋ ಓಮ್ ರೆಸಿಸ್ಟರ್ ಹಾಕಿ. ಆಗ ಫ್ಯೂಸೂ ರಿಲೇಯೂ ಸರಿ ಇದ್ದರೆ ಮಾತ್ರ ಹಸಿರು. ಆದರೆ ಆಗಲೂ ಬಲ್ಬು ಸುಟ್ಟಿದ್ದರೆ ಅದು ಹೇಳುವುದಿಲ್ಲ. ಲೈಟಿನ ಕಡೆಗೆ ಕರೆಂಟ್ ಬಂದಿದೆ ಅಂತ ಮಾತ್ರ ಹೇಳುತ್ತದೆ. ಉರಿಯುತ್ತಿದೆ ಅಂತ ಬರೆದರೆ ಅದು ಸುಳ್ಳು.

ಬಣ್ಣ ಹಸಿರೇ ಇರಲಿ. ಕಂಪನಿ ಗಾಡಿಗಳಲ್ಲಿ ಮುಂದಿನ ಫಾಗ್ ಲೈಟ್‌ಗೆ ಹಸಿರು, ಹಿಂದಿನದಕ್ಕೆ ಹಳದಿ. ಕೆಂಪು ಹಾಕಿದರೆ ಆಯಿಲ್ ಲೈಟ್ ಅಂತ ಹೆದರಿ ಗಾಡಿ ನಿಲ್ಲಿಸುತ್ತಾರೆ.

— ದಾವಣಗೆರೆ

* * *

ಅಣ್ಣಾ, ಸಂಜೆಯೇ ಬಾನೆಟ್ ಎತ್ತಿ ನೋಡಿದೆ. ನಾವು ಸ್ವಿಚ್ಚಿನಿಂದಲೇ ತೆಗೆದಿದ್ದೆವು. ಫ್ಯೂಸ್ ಕಿತ್ತು ಸ್ವಿಚ್ ಹಾಕಿದೆ. ಲೈಟು ಎರಡೂ ಕತ್ತಲೆ, ಒಳಗೆ ಮಾತ್ರ ಹಸಿರು ಚೆನ್ನಾಗಿ ಹತ್ತಿತ್ತು. ನೋಡಿ ಎದೆ ಝಲ್ಲೆಂದಿತು. ಈಗ 87ಕ್ಕೆ ಬದಲಾಯಿಸಿದ್ದೇವೆ.

ಸ್ವಿಚ್ಚಿನ ಮೇಲೆ: ಮಂಜಿನ ದೀಪ.

ಚೀಟಿಯಲ್ಲಿ: "ಮೀಟರ್ ಪಕ್ಕದ ಹಸಿರು ತೋರುದೀಪ ಹತ್ತಿದರೆ ಮಂಜಿನ ದೀಪದ (ಫಾಗ್ ಲೈಟ್) ಕಡೆಗೆ ಕರೆಂಟ್ ಬಂದಿದೆ ಎಂದರ್ಥ. ಘಾಟಿ ಹತ್ತುವ ಮೊದಲು ಇಳಿದು ಎರಡೂ ಬಲ್ಬು ಉರಿಯುತ್ತಿವೆಯೇ ನೋಡಿ. ಮಂಜು ಕಳೆದ ಮೇಲೆ ಆರಿಸಿ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ."

ಸ್ಟಿಕ್ಕರ್ ಅಂಗಡಿಗೆ ಕಳಿಸಿ ಆಯಿತು. ಇಪ್ಪತ್ತು ಪ್ರತಿ.

— ಮೂಡಿಗೆರೆ

* * *

ಮಂಜಳ್ ಬಗ್ಗೆ ಯಾರೂ ಸರಿಯಾಗಿ ಉತ್ತರಿಸಲಿಲ್ಲ. ಬೇರೆ ಎಳೆಯಲ್ಲಿ ಮತ್ತೆ ಎತ್ತುತ್ತೇನೆ.

— ಮಂಗಳೂರು