ಸುಗ್ಗಿ ಹಬ್ಬದ ಮನಸ್ತಾಪ ಮತ್ತು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಮಗಳೇ, ನಿನ್ನೆ ಕುಟುಂಬ ಪ್ರಾರ್ಥನೆ ಮುಗಿದ ಮೇಲೆ ನೀನು ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ದೊಡ್ಡಮ್ಮನಾಗಿ ನಾನು ಉತ್ತರ ಹೇಳಲೇಬೇಕು ಅನ್ನಿಸಿತು. ಮಾತು ಸ್ವಲ್ಪ ಉದ್ದವಾಗುತ್ತದೆ, ಎಲ್ಲರೂ ಬಿಡುವಾದಾಗ ಕೇಳಿಸಿಕೊಳ್ಳಿ.

ನಿಮ್ಮ ಸಭೆಯ ಸ್ತ್ರೀ ಸಂಘದಲ್ಲಿ ವರ್ಷಗಳಿಂದ ಜೊತೆಯಾಗಿ ದುಡಿದ ಇಬ್ಬರು ಸಹೋದರಿಯರು, ಸುಗ್ಗಿ ಹಬ್ಬದ ವಂದನಾರ್ಪಣೆಯಲ್ಲಿ ಒಬ್ಬರ ಹೆಸರನ್ನು ಓದಿ ಇನ್ನೊಬ್ಬರ ಹೆಸರನ್ನು ಬಿಟ್ಟ ಕಾರಣದಿಂದ ಈಗ ಪರಸ್ಪರ ಮಾತನಾಡುತ್ತಿಲ್ಲ ಎಂದು ಹೇಳಿದೆ. ಇಂಥ ಸ್ಥಿತಿಯಲ್ಲಿ ‘ಯಾವಾಗಲೂ ಸಂತೋಷಪಡಿರಿ’ ಎಂಬ ವಾಕ್ಯವನ್ನು ಓದಿದರೆ ಬಾಯಿ ಮುಚ್ಚಿಕೊಂಡು ನಗುತ್ತಿರಬೇಕು ಎಂದು ಹೇಳಿದ ಹಾಗೆ ಕೇಳಿಸುತ್ತದೆ ಎಂದೂ, ದೀನತೆಯನ್ನು ನಮ್ಮ ಮನೆಗಳಲ್ಲಿ ಸೊಸೆಯಂದಿರಿಂದ ಮತ್ತು ಕಿರಿಯರಿಂದ ಮಾತ್ರ ನಿರೀಕ್ಷಿಸುತ್ತಾರೆ ಎಂದೂ ಹೇಳಿದೆ. ಭಾವನವರು ಅದಕ್ಕೆ, ಈ ವಿಷಯವನ್ನು ಪ್ರಾರ್ಥನೆಯಲ್ಲಿಟ್ಟು ಸುಮ್ಮನಾಗೋಣ ಎಂದು ಬರೆದಿದ್ದಾರೆ. ಭಾವನವರ ಮೇಲೆ ನನಗೆ ತುಂಬ ಗೌರವವಿದೆ, ಆದರೂ ಈ ಒಂದು ವಿಷಯದಲ್ಲಿ ಅವರ ಮಾತನ್ನು ನಾನು ಒಪ್ಪಲಾರೆ, ಏಕೆಂದರೆ ನಾವು ಈಗ ಓದುತ್ತಿರುವ ಪತ್ರಿಕೆಯನ್ನು, ಅಂದರೆ ಫಿಲಿಪ್ಪಿ ಊರಿನ ಸಭೆಗೆ ಬರೆದ ಬೈಬಲಿನ ಪತ್ರವನ್ನು, ಬರೆದ ಅಪೊಸ್ತಲ ಪೌಲನೇ ಇಂಥ ವಿಷಯದಲ್ಲಿ ಸುಮ್ಮನಿರಲಿಲ್ಲ.

ಮೊದಲು ಆ ವಾಕ್ಯ ಎಲ್ಲಿ ಬರುತ್ತದೆ ಎಂಬುದನ್ನು ನೋಡು. ಸಂತೋಷಪಡಿರಿ ಎಂಬ ಮಾತು ನಾಲ್ಕನೆಯ ಅಧ್ಯಾಯದ ನಾಲ್ಕನೆಯ ವಚನ. ಅದಕ್ಕಿಂತ ಎರಡೇ ವಚನಗಳ ಹಿಂದೆ ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಸ್ತ್ರೀಯರ ಹೆಸರು ಬರುತ್ತದೆ. ಅವರ ನಡುವೆ ಮನಸ್ತಾಪವಿತ್ತು. ಅದು ಯಾವ ಕಾರಣಕ್ಕೆ ಎಂದು ಪೌಲನು ಬರೆಯಲಿಲ್ಲ, ಯಾರದು ತಪ್ಪು ಎಂದೂ ಹೇಳಲಿಲ್ಲ. ಯುವೊದ್ಯಳನ್ನು ಬೇಡಿಕೊಳ್ಳುತ್ತೇನೆ, ಸಂತುಕೆಯನ್ನು ಬೇಡಿಕೊಳ್ಳುತ್ತೇನೆ ಎಂದು ಇಬ್ಬರಿಗೂ ಬೇರೆ ಬೇರೆಯಾಗಿ, ಒಂದೇ ಗೌರವದಿಂದ ಬೇಡಿಕೊಂಡನು. ಅವರು ಸುವಾರ್ತೆಯ ಕೆಲಸದಲ್ಲಿ ತನ್ನೊಂದಿಗೆ ಪ್ರಯಾಸಪಟ್ಟವರು, ಅವರ ಹೆಸರುಗಳು ಜೀವಬಾಧ್ಯರ, ಅಂದರೆ ನಿತ್ಯಜೀವ ಹೊಂದುವವರ, ಪಟ್ಟಿಯಲ್ಲಿ ಬರೆದಿವೆ ಎಂದು ಇಡೀ ಸಭೆಗೆ ನೆನಪಿಸಿದನು. ಆ ಕಾಲದಲ್ಲಿ ಪತ್ರಿಕೆಗಳನ್ನು ಸಭೆ ಕೂಡಿದಾಗ ಗಟ್ಟಿಯಾಗಿ ಓದುತ್ತಿದ್ದರು. ಆ ಇಬ್ಬರೂ ಅಲ್ಲಿ ಕುಳಿತಿದ್ದರೆ, ತಮ್ಮ ಜಗಳದ ಸುದ್ದಿಯ ಜೊತೆಗೇ ತಮ್ಮ ದುಡಿಮೆಯ ಮೆಚ್ಚುಗೆಯನ್ನೂ ಎಲ್ಲರೆದುರಿಗೆ ಕೇಳಿಸಿಕೊಂಡಿರುತ್ತಾರೆ. ಇಷ್ಟನ್ನು ಹೇಳಿದ ಮೇಲೆಯೇ ಪೌಲನು ಕರ್ತನಲ್ಲಿ ಸಂತೋಷಪಡಿರಿ ಎಂದು ಬರೆದನು, ಅದರ ಬೆನ್ನಿಗೇ ನಿಮ್ಮ ಸೈರಣೆ ಎಲ್ಲರಿಗೂ ತಿಳಿದುಬರಲಿ ಎಂದೂ ಬರೆದನು. ಈ ವಾಕ್ಯವನ್ನು ಮಾತ್ರ ಕತ್ತರಿಸಿ ಕ್ಯಾಲೆಂಡರಿನ ಮೇಲೆ ಅಚ್ಚು ಹಾಕುವುದರಿಂದ ನಮಗೆ ಅದು ಒಬ್ಬೊಬ್ಬರ ಮನಸ್ಸಿನ ಉಲ್ಲಾಸದ ವಿಷಯವಾಗಿ ಕಾಣುತ್ತದೆ. ಪೌಲನಿಗೆ ಅದು ಇಡೀ ಸಭೆ ಕೂಡಿ ಮಾಡಬೇಕಾದ ಕೆಲಸವಾಗಿತ್ತು. ಎರಡನೆಯ ಅಧ್ಯಾಯದಲ್ಲಿ ಅವನು ಇದನ್ನು ಬಿಚ್ಚಿಯೇ ಹೇಳುತ್ತಾನೆ: ನೀವು ಒಂದೇ ಮನಸ್ಸು, ಒಂದೇ ಪ್ರೀತಿ ಉಳ್ಳವರಾಗಿ ನನ್ನ ಸಂತೋಷವನ್ನು ಪೂರ್ಣಮಾಡಿರಿ ಎನ್ನುತ್ತಾನೆ. ಅಂದರೆ ಅಪೊಸ್ತಲನ ಸಂತೋಷವೂ ಅವನೊಬ್ಬನ ಕೈಯಲ್ಲಿರಲಿಲ್ಲ, ದೂರದ ಊರಿನಲ್ಲಿದ್ದ ಆ ಸಹೋದರ ಸಹೋದರಿಯರು ಒಬ್ಬರನ್ನೊಬ್ಬರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರಲ್ಲಿ ಅದರ ಒಂದು ಪಾಲು ಇತ್ತು.

ನಗುತ್ತಿರಬೇಕು ಎಂಬ ಒತ್ತಾಯದ ಬಗ್ಗೆ ನೀನು ಹೇಳಿದ ಮಾತು ನಿಜವಾದದ್ದು. ಆದರೆ ಆ ಒತ್ತಾಯವನ್ನು ಪೌಲನ ಮೇಲೆ ಹೊರಿಸಬೇಡ. ಈ ಪತ್ರಿಕೆಯನ್ನು ಅವನು ಬೇಡಿಯಲ್ಲಿದ್ದುಕೊಂಡು ಬರೆದನು, ರೋಮಿನ ಸೆರೆಯಿಂದ ಬರೆದನೆಂಬುದು ಸಭೆಯ ಪರಂಪರೆ. ನಾಲ್ಕು ಅಧ್ಯಾಯಗಳು, 104 ವಚನಗಳು, ಅಷ್ಟರಲ್ಲಿ ಸಂತೋಷದ ಮಾತು ಮತ್ತೆ ಮತ್ತೆ ಬರುತ್ತದೆ. ಆದರೆ ಅದೇ ಪತ್ರಿಕೆಯಲ್ಲಿ ಅವನು ದುಃಖದ ಮೇಲೆ ದುಃಖ ಬರುವುದಿತ್ತು ಎಂದು ಬರೆದಿದ್ದಾನೆ, ಕೆಲವರ ನಡತೆಯನ್ನು ನೆನೆದು ಅಳುತ್ತಾ ಹೇಳುತ್ತಿದ್ದೇನೆ ಎಂದೂ ಬರೆದಿದ್ದಾನೆ. ಕಣ್ಣೀರನ್ನು ಬಚ್ಚಿಡಬೇಕಾದ ಸಂತೋಷ ಅದಲ್ಲ. ತನಗೆ ಸೆರೆಯಲ್ಲಿ ಇನ್ನಷ್ಟು ನೋವಾಗಲಿ ಎಂಬ ಹೊಟ್ಟೆಕಿಚ್ಚಿನಿಂದಲೇ ಕೆಲವರು ಹೊರಗೆ ಬೋಧಿಸುತ್ತಿದ್ದಾರೆಂಬ ಸುದ್ದಿ ಬಂದಾಗಲೂ ಅವನು ಅದನ್ನು ಮುಚ್ಚಿಡಲಿಲ್ಲ. ಅವರ ಉದ್ದೇಶ ಹೇಗೇ ಇರಲಿ, ಕ್ರಿಸ್ತನು ಪ್ರಸಿದ್ಧನಾಗುತ್ತಾನಲ್ಲ, ಅದಕ್ಕೆ ಸಂತೋಷಪಡುತ್ತೇನೆ ಎಂದನು. ವಂದನಾರ್ಪಣೆಯಲ್ಲಿ ಬಿಟ್ಟುಹೋದ ಹೆಸರಿನ ಸಂಗತಿಗೆ ಇದಕ್ಕಿಂತ ಹತ್ತಿರದ ಮಾತು ನನಗೆ ಬೇರೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಇನ್ನು ದೀನತೆಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಲ್ಲಿಯೇ ನಮ್ಮ ಮನೆಗಳಲ್ಲಿ ಹೆಚ್ಚು ಅನ್ಯಾಯವಾಗಿದೆ ಎಂದು ನಾನೂ ನಂಬುತ್ತೇನೆ. ಫಿಲಿಪ್ಪಿ ಎಂಬುದು ಸಾಮಾನ್ಯ ಊರಾಗಿರಲಿಲ್ಲ. ಈಗಿನ ಗ್ರೀಸ್ ದೇಶದ ಉತ್ತರ ಭಾಗದಲ್ಲಿ, ಕವಾಲ ಎಂಬ ಬಂದರಿನ ಹತ್ತಿರ ಅದರ ಅವಶೇಷಗಳಿವೆ, 2016ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕ್ರಿಸ್ತಪೂರ್ವ 42ರಲ್ಲಿ ಜೂಲಿಯಸ್ ಸೀಸರನನ್ನು ಕೊಂದವರಿಗೂ ಆಂಟನಿ ಮತ್ತು ಆಕ್ಟೇವಿಯನ್ನರಿಗೂ ಅಲ್ಲಿಯೇ ಯುದ್ಧ ನಡೆಯಿತು. ಗೆದ್ದವರು ತಮ್ಮ ನಿವೃತ್ತ ಸೈನಿಕರಿಗೆ ಅಲ್ಲಿ ಭೂಮಿ ಕೊಟ್ಟು ನೆಲೆಗೊಳಿಸಿ, ಅದನ್ನು ರೋಮಿನ ವಸಾಹತು ನಗರವನ್ನಾಗಿ ಮಾಡಿದರು. ಆದ್ದರಿಂದ ಅಲ್ಲಿಯವರಿಗೆ ರೋಮಿನ ಪೌರತ್ವದ ಹೆಮ್ಮೆ ಬಹಳ ಇತ್ತು. ಯಾರು ಯಾವ ಹುದ್ದೆಯಲ್ಲಿದ್ದರು, ಯಾವ ಗೌರವ ಪಡೆದರು ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು, ಅಂಥ ಶಾಸನಗಳು ಅಲ್ಲಿ ಸಿಕ್ಕಿವೆ. ಹೆಸರು ಓದಲಿಲ್ಲ ಎಂಬ ನೋವು ಆ ಊರಿನ ಜನರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು, ಮಗಳೇ.

ಅಂಥ ಊರಿನ ಸಭೆಗೆ ಪೌಲನು ಎರಡನೆಯ ಅಧ್ಯಾಯದಲ್ಲಿ ಕ್ರಿಸ್ತನ ಕುರಿತು ಬರೆದ ಸಾಲುಗಳನ್ನು ಓದಿ ನೋಡು. ದೇವಸ್ವರೂಪನಾಗಿದ್ದವನು ತನ್ನನ್ನು ಬರಿದುಮಾಡಿಕೊಂಡನು, ದಾಸನ ರೂಪವನ್ನು ಧರಿಸಿದನು, ಮರಣವನ್ನು, ಅದರಲ್ಲಿಯೂ ಶಿಲುಬೆಯ ಮರಣವನ್ನು ಹೊಂದುವಷ್ಟು ವಿಧೇಯನಾದನು. ಶಿಲುಬೆ ಮುಖ್ಯವಾಗಿ ದಾಸರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಶಿಕ್ಷೆ. ಕಲ್ಲಿನ ಶಾಸನಗಳಲ್ಲಿ ಜನರು ಕೆಳಗಿನ ಹುದ್ದೆಯಿಂದ ಮೇಲಿನ ಹುದ್ದೆಗೆ ಏರಿದರೆ, ಇಲ್ಲಿ ದೇವಕುಮಾರನು ಎಲ್ಲಕ್ಕಿಂತ ಮೇಲಿನ ಸ್ಥಾನದಿಂದ ಎಲ್ಲಕ್ಕಿಂತ ಕೆಳಗಿನ ಸ್ಥಾನಕ್ಕೆ ತಾನಾಗಿ ಇಳಿಯುತ್ತಾನೆ. ಇಳಿದವನು ಯಾರು ಎಂಬುದನ್ನು ಗಮನಿಸು. ಅಧಿಕಾರವಿದ್ದವನು ಇಳಿದನು. ಆದ್ದರಿಂದ ಈ ವಾಕ್ಯವನ್ನು ಹಿಡಿದುಕೊಂಡು ಅತ್ತೆಯವರು ಸೊಸೆಗೆ, ಯಜಮಾನರು ಕೆಲಸದವರಿಗೆ, ಹಿರಿಯರು ಕಿರಿಯರಿಗೆ ನೀನು ತಗ್ಗಿ ನಡೆ ಎಂದು ಹೇಳಿದರೆ, ಅದು ವಾಕ್ಯವನ್ನು ತಲೆಕೆಳಗು ಮಾಡಿದ ಹಾಗೆ. ಮೊದಲು ಇಳಿಯಬೇಕಾದವರು ಸಂಘದಲ್ಲಿ ಕುರ್ಚಿ ಇರುವವರು, ಮನೆಯಲ್ಲಿ ಕೊನೆಯ ಮಾತು ಯಾರದೋ ಅವರು. ನಮ್ಮ ಕುಟುಂಬದ ಹಿರಿಯರಲ್ಲಿ ಒಬ್ಬಳಾಗಿ ಇದನ್ನು ಈ ಗುಂಪಿನಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳುವುದು ನನ್ನ ಕರ್ತವ್ಯ ಎಂದು ತಿಳಿದಿದ್ದೇನೆ.

ದೀನತೆ ಎಂದರೆ ಅನ್ಯಾಯವನ್ನು ನುಂಗಿಕೊಳ್ಳುವುದೂ ಅಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 16ನೆಯ ಅಧ್ಯಾಯವನ್ನು ನೆನಪು ಮಾಡಿಕೊ. ಫಿಲಿಪ್ಪಿಯಲ್ಲಿ ಪೌಲನನ್ನೂ ಅವನ ಜೊತೆಸೇವಕನಾದ ಸೀಲನನ್ನೂ ವಿಚಾರಣೆಯಿಲ್ಲದೆ ಬಹಿರಂಗವಾಗಿ ಹೊಡೆಸಿ, ಕಾಲುಗಳಿಗೆ ಕೋಳ ಹಾಕಿ ಸೆರೆಮನೆಗೆ ದೂಡಿದರು. ಪೌಲನು ರೋಮಿನ ಪೌರನಾಗಿದ್ದನು. ಆ ಹಕ್ಕನ್ನು ಎತ್ತಿ ತೋರಿಸಿ ಅವನು ಹೊಡೆತವನ್ನು ತಪ್ಪಿಸಿಕೊಂಡನೆಂದು ಅಲ್ಲಿ ಬರೆದಿಲ್ಲ. ಆ ರಾತ್ರಿ ಇಬ್ಬರೂ ದೇವರಿಗೆ ಕೀರ್ತನೆ ಹಾಡಿದರು, ಭೂಮಿ ನಡುಗಿತು, ಬಾಗಿಲುಗಳು ತೆರೆದರೂ ಅವರು ಓಡಿಹೋಗಲಿಲ್ಲ. ಯಾವ ಸೆರೆಮನೆಯ ಅಧಿಕಾರಿ ಅವರ ಕಾಲುಗಳಿಗೆ ಕೋಳ ಬಿಗಿದಿದ್ದನೋ ಅವನೇ ಅದೇ ರಾತ್ರಿ ಅವರ ಗಾಯಗಳನ್ನು ತೊಳೆದನು, ತನ್ನ ಮನೆಗೆ ಕರೆದು ಊಟ ಬಡಿಸಿದನು, ಮನೆಯವರೆಲ್ಲರೊಂದಿಗೆ ಸಂತೋಷಪಟ್ಟನು. ಫಿಲಿಪ್ಪಿಯ ಸಭೆಯಲ್ಲಿ ಸಂತೋಷದ ಮಾತು ಮೊದಲು ಕೇಳಿಬಂದದ್ದು ಆ ಊಟದ ಹೊತ್ತಿನಲ್ಲಿ. ಬೆಳಗಾದ ಮೇಲೆ ಅಧಿಕಾರಿಗಳು ಇವರನ್ನು ಗುಟ್ಟಾಗಿ ಕಳುಹಿಸಿಬಿಡಲು ಹೇಳಿದಾಗ ಮಾತ್ರ ಪೌಲನು ತನ್ನ ಪೌರತ್ವವನ್ನು ಎತ್ತಿದನು. ಎಲ್ಲರೆದುರು ಹೊಡೆಸಿದವರು ತಾವೇ ಬಂದು ಕರೆದುಕೊಂಡು ಹೋಗಲಿ ಎಂದು ಹಟ ಹಿಡಿದನು, ಅವರು ಬಂದು ಬೇಡಿಕೊಂಡರು. ಅಲ್ಲಿಂದ ಅವನು ನೇರವಾಗಿ ಲುದ್ಯಳ ಮನೆಗೆ ಹೋಗಿ ಸಹೋದರರನ್ನು ಧೈರ್ಯಪಡಿಸಿದನು. ಲುದ್ಯಳು ಥುವತೈರದ ಊರಿನವಳು, ಬೆಲೆಬಾಳುವ ಧೂಮ್ರವರ್ಣದ ವಸ್ತ್ರಗಳ ವ್ಯಾಪಾರ ಮಾಡುತ್ತಿದ್ದವಳು. ಆಕೆಯ ಮನೆಯಲ್ಲಿ ಕೂಡುತ್ತಿದ್ದ ಹೊಸ ಸಭೆಗೆ ಕಳಂಕದ ಮಾತು ತಟ್ಟಬಾರದು ಎಂಬುದೇ ಆ ಹಟದ ಕಾರಣವಾಗಿರಬೇಕು ಎಂದು ನನ್ನ ತಿಳಿವಳಿಕೆ. ತನ್ನ ಮೈಮೇಲಿನ ಪೆಟ್ಟಿಗೆ ಬಳಸಿಕೊಳ್ಳದ ಹಕ್ಕನ್ನು ಅವನು ಇತರರ ಮಾನಕ್ಕಾಗಿ ಬಳಸಿದನು. ನಿನಗೆ ಯಾರಾದರೂ ದೀನತೆಯ ಹೆಸರಿನಲ್ಲಿ ಸುಮ್ಮನಿರು ಎಂದರೆ ಈ ಅಧ್ಯಾಯವನ್ನು ಅವರಿಗೆ ಓದಿ ತೋರಿಸು.

ಪ್ರೀತಿಯ ವಿಷಯದಲ್ಲಿ ನನಗೆ ಅತಿ ಪ್ರಿಯನಾದವನು ಫಿಲಿಪ್ಪಿಯ ಸಭೆಯವನಾದ ಎಪಫ್ರೊದೀತ. ನಮ್ಮ ಪ್ರಸಂಗಗಳಲ್ಲಿ ಅವನ ಹೆಸರು ಬರುವುದೇ ಅಪರೂಪ. ಆ ಕಾಲದ ಸೆರೆಯಲ್ಲಿದ್ದವರ ಊಟ ಬಟ್ಟೆಗಳನ್ನು ಬಹುಮಟ್ಟಿಗೆ ಅವರ ಆಪ್ತರೇ ನೋಡಿಕೊಳ್ಳಬೇಕಾಗಿತ್ತು. ಫಿಲಿಪ್ಪಿಯವರು ಸಂಗ್ರಹಿಸಿದ ಸಹಾಯವನ್ನು ಹೊತ್ತುಕೊಂಡು ಇವನು ಪೌಲನ ಬಳಿಗೆ ಹೋದನು, ಆ ಸೇವೆಯಲ್ಲಿ ಕಾಯಿಲೆ ಬಿದ್ದು ಸಾಯುವ ಹಾಗಾದನು. ಅನಂತರ ಅವನನ್ನು ಕಾಡಿದ ಚಿಂತೆ ತನ್ನ ರೋಗದ್ದಲ್ಲ. ತಾನು ರೋಗದಲ್ಲಿದ್ದೇನೆಂಬ ಸುದ್ದಿ ಊರಿಗೆ ತಲುಪಿ ಅಲ್ಲಿಯವರು ಗಾಬರಿಯಾಗಿದ್ದಾರಲ್ಲ ಎಂದು ಅವನು ವ್ಯಸನಪಟ್ಟನು. ದೂರದಲ್ಲಿರುವ ಮಕ್ಕಳು ಜ್ವರ ಬಂದರೆ ಅಮ್ಮನಿಗೆ ಹೇಳಬೇಡಿ ಎನ್ನುತ್ತಾರಲ್ಲ, ಅದೇ ಕರುಳು ಇದು. ಪೌಲನು ಅವನನ್ನು ಬೇಗ ಹಿಂದಕ್ಕೆ ಕಳುಹಿಸಿ, ಪೂರ್ಣ ಸಂತೋಷದಿಂದ ಬರಮಾಡಿಕೊಳ್ಳಿರಿ, ಇಂಥವರನ್ನು ಗೌರವಿಸಿರಿ ಎಂದು ಬರೆದನು. ಆದ್ದರಿಂದ ಹೆಸರು ಹೇಳಿ ಗೌರವಿಸುವುದು ಕ್ರೈಸ್ತನಿಗೆ ಸಲ್ಲದ ಸಂಗತಿ ಎಂದು ನಾನು ಹೇಳಲಾರೆ. ನಿಮ್ಮ ಸಂಘದಲ್ಲಿ ಬಿಟ್ಟುಹೋದ ಹೆಸರನ್ನು ಮುಂದಿನ ಕೂಟದಲ್ಲಿ ಪ್ರೀತಿಯಿಂದ ಹೇಳಲೇಬೇಕು. ಅದನ್ನು ಕೇಳಿ ಪಡೆಯುವ ಸ್ಥಿತಿಗೆ ಆ ಸಹೋದರಿಯನ್ನು ತರಬಾರದು, ಹೆಸರು ಓದಿಸಿಕೊಂಡ ಸಹೋದರಿಯೇ ಎದ್ದು ಅದನ್ನು ಹೇಳಿದರೆ ಇನ್ನೂ ಒಳ್ಳೆಯದು.

ನೀನು ನಿನ್ನ ಫೋನಿನ ಸ್ಟೇಟಸ್‌ನಲ್ಲಿ ಹಾಕಿಕೊಂಡಿರುವ, ಬಲಪಡಿಸುವಾತನಲ್ಲಿದ್ದು ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ವಚನವೂ ಇದೇ ಪತ್ರಿಕೆಯದು. ಅದರ ಹಿಂದಿನ ವಚನದಲ್ಲಿ ಹೊಟ್ಟೆ ತುಂಬಿರುವುದನ್ನೂ ಹಸಿದಿರುವುದನ್ನೂ ಕಲಿತಿದ್ದೇನೆ ಎಂದಿದೆ, ಮುಂದಿನ ವಚನದಲ್ಲಿ ಆದರೂ ನನ್ನ ಸಂಕಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಎಂದಿದೆ. ಎಲ್ಲಕ್ಕೂ ಶಕ್ತನು ಎಂದವನೇ ಮರು ಉಸಿರಿನಲ್ಲಿ ನಿಮ್ಮ ನೆರವು ಒಳ್ಳೆಯದಾಯಿತು ಎಂದು ಒಪ್ಪಿಕೊಳ್ಳುತ್ತಾನೆ. ನನಗೆ ಈ ಮೂರು ವಚನಗಳನ್ನು ಒಟ್ಟಿಗೆ ಓದಿದಾಗಲೇ ಅವನ ದೀನತೆ ತಿಳಿಯುತ್ತದೆ.

ಯುವೊದ್ಯ ಮತ್ತು ಸಂತುಕೆ ರಾಜಿಯಾದರೇ ಎಂದು ನೀನು ಕೇಳುತ್ತೀಯೆ. ಪತ್ರಿಕೆಯಲ್ಲಿ ಅದರ ಸುದ್ದಿಯಿಲ್ಲ. ಆದರೆ ಎರಡನೆಯ ಶತಮಾನದಲ್ಲಿ ಸ್ಮುರ್ನದ ಬಿಷಪ್ ಪೊಲಿಕಾರ್ಪನು ಇದೇ ಸಭೆಗೆ ಬರೆದ ಪತ್ರ ಉಳಿದಿದೆ. ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸನನ್ನು ಹತಸಾಕ್ಷಿಯಾಗಲು ರೋಮಿಗೆ ಕರೆದೊಯ್ಯುವಾಗ ಫಿಲಿಪ್ಪಿಯವರು ಅವನನ್ನೂ ಜೊತೆಯ ಸೆರೆಯವರನ್ನೂ ಪ್ರೀತಿಯಿಂದ ಬರಮಾಡಿಕೊಂಡು ಸಾಗಕಳುಹಿಸಿದ್ದಕ್ಕೆ ಪೊಲಿಕಾರ್ಪನು ಅದರಲ್ಲಿ ಸಂತೋಷಪಡುತ್ತಾನೆ. ಬೇಡಿಯಲ್ಲಿದ್ದವರನ್ನು ಆದರಿಸುವ ಅಭ್ಯಾಸ ಆ ಸಭೆಯಲ್ಲಿ ಮಕ್ಕಳ ಕಾಲಕ್ಕೂ ಉಳಿದಿತ್ತು. ಅದೇ ಪತ್ರದಲ್ಲಿ ವಾಲೆನ್ಸ್ ಎಂಬ ಸಭಾಹಿರಿಯನೊಬ್ಬನು ಹಣದಾಸೆಗೆ ಬಿದ್ದು ತನ್ನ ಸ್ಥಾನವನ್ನು ಕೆಡಿಸಿಕೊಂಡ ದುಃಖದ ಸಂಗತಿಯೂ ಇದೆ. ಪೊಲಿಕಾರ್ಪನು ತಪ್ಪನ್ನು ತಪ್ಪೆಂದೇ ಹೇಳಿದನು, ಆದರೆ ಅವನನ್ನೂ ಅವನ ಹೆಂಡತಿಯನ್ನೂ ಶತ್ರುಗಳಂತೆ ಎಣಿಸಬೇಡಿರಿ, ದಾರಿ ತಪ್ಪಿದ, ಬಲಹೀನವಾದ ನಿಮ್ಮದೇ ಅಂಗಗಳೆಂದು ತಿಳಿದು ಮರಳಿ ಕರೆಯಿರಿ ಎಂದು ಬರೆದನು. ಅಲ್ಲಿ ಹಣದ ವಿಷಯವಾಗಿಯೇ ಹೀಗೆ ಹೇಳಿರುವಾಗ, ನಿಮ್ಮ ಸಂಘದಲ್ಲಿ ಆಗಿರುವುದು ಒಂದು ಹೆಸರು ಓದುವುದರಲ್ಲಿ ಆದ ಲೋಪ ಮಾತ್ರ.

ಈಗ ಮಾಡಬೇಕಾದ ಕೆಲಸದ ಬಗ್ಗೆ ಹೇಳುತ್ತೇನೆ. ಪೌಲನು ಆ ಇಬ್ಬರು ಸ್ತ್ರೀಯರಿಗೆ ನೀವೇ ಸರಿಮಾಡಿಕೊಳ್ಳಿ ಎಂದು ಹೇಳಿ ಕೈತೊಳೆದುಕೊಳ್ಳಲಿಲ್ಲ. ತನ್ನ ನಿಜವಾದ ಜೊತೆಗಾರನೊಬ್ಬನನ್ನು ಕರೆದು, ಇವರಿಗೆ ಸಹಾಯಮಾಡು ಎಂದು ಕೇಳಿಕೊಂಡನು. ಭಾವನವರೇ, ಪ್ರಾರ್ಥನೆ ಖಂಡಿತ ಬೇಕು, ಆದರೆ ಅದರ ಜೊತೆಗೆ ಒಬ್ಬರು ಎದ್ದು ಹೋಗಲೂಬೇಕು. ಮಗಳೇ, ನೀನು ಇಬ್ಬರಿಗೂ ಬೇಕಾದವಳು. ಭಾನುವಾರ ಆರಾಧನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಎಲ್ಲರೆದುರು ಈ ಮಾತು ತೆಗೆಯಬೇಡ. ಒಬ್ಬೊಬ್ಬರ ಮನೆಗೂ ಬೇರೆ ಬೇರೆಯಾಗಿ ಹೋಗಿ, ಅವರು ಮಾಡಿದ ಕೆಲಸದಿಂದ ಮಾತು ಆರಂಭಿಸು: ಯಾರು ಮನೆಮನೆಗೆ ಹೋಗಿ ಕಾಣಿಕೆ ಕೂಡಿಸಿದರು, ಯಾರು ಬೆಳಗಿನ ಜಾವ ಎದ್ದು ಅಡುಗೆಯ ಹೊಣೆ ಹೊತ್ತರು, ಅದನ್ನೆಲ್ಲ ಹೆಸರಿಟ್ಟು ಹೇಳು. ಅವರು ಇನ್ನೊಬ್ಬರ ಮೇಲೆ ದೂರು ಹೇಳಿದರೆ ಕೇಳಿಸಿಕೊ, ಆದರೆ ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮನೆಗೆ ಒಯ್ಯಬೇಡ. ಇಬ್ಬರಲ್ಲಿ ಹಿರಿಯರಾದವರಿಗೆ ನನ್ನ ಪರಿಚಯವೂ ಇದೆ, ಆದ್ದರಿಂದ ನಾನು ಈ ವಾರ ಅವರಿಗೆ ಫೋನ್ ಮಾಡುತ್ತೇನೆ. ನೀನು ಮೊದಲು ಹೆಸರು ಬಿಟ್ಟುಹೋದ ಸಹೋದರಿಯ ಮನೆಗೆ ಹೋಗು, ಹೋಗುವ ದಿನ ಯಾವುದೆಂದು ನನಗೆ ತಿಳಿಸು. ಆ ಹೊತ್ತಿಗೆ ನಾವೆಲ್ಲರೂ ಇಲ್ಲಿ ಪ್ರಾರ್ಥನೆಯಲ್ಲಿರುತ್ತೇವೆ, ಆ ಪ್ರಾರ್ಥನೆಯನ್ನು ಭಾವನವರು ನಡೆಸಿಕೊಡಬೇಕೆಂದು ನನ್ನ ವಿನಂತಿ.